ಕದ್ದ ಪಾಸ್‌ವರ್ಡ್ ಬದಲಿಸಬಹುದು, ಹೆಬ್ಬೆಟ್ಟು?
ಮಂಡ್ಯ: ಪಾಸ್‌ವರ್ಡ್ ಕದ್ದರೆ ಬೇರೆ ಇಟ್ಕೋಬಹುದು. ಒಟಿಪಿ ಒಂದು ಸಲಕ್ಕೆ ಮುಗೀತು. ಹೆಬ್ಬೆಟ್ಟು ಹಾಗಲ್ಲ, ಜೀವಮಾನಕ್ಕೆ ಒಂದೇ. 2023ರಲ್ಲಿ ರಾಜ್ಯದಲ್ಲಿ ಆಸ್ತಿ ನೋಂದಣಿ ಮಾಡಿಸಿದ್ದ ಹಲವರ ಖಾತೆಯಿಂದ ಹಣ ಹೋಯ್ತು. ನೋಂದಣಿ ಪತ್ರದಲ್ಲಿದ್ದ ಬೆರಳಚ್ಚು, ಆಧಾರ್ ಸಂಖ್ಯೆ ಕಳ್ಳರ ಕೈ ಸೇರಿದೆ ಎಂದು ಪೊಲೀಸರು ಶಂಕಿಸಿದ್ದರು. ಎಇಪಿಎಸ್ ಅನ್ನೋ ಆಧಾರ್ ಪಾವತಿಗೆ ಬ್ಯಾಂಕ್ ಹೆಸರು, ಆಧಾರ್ ಸಂಖ್ಯೆ, ಬೆರಳಚ್ಚು ಇದ್ರೆ ಸಾಕು. ಒಟಿಪಿ, ಪಿನ್ ಕೇಳಲ್ಲ.

ಮದ್ದೂರು, ಮಳವಳ್ಳಿಯಲ್ಲಿ ಜಮೀನು ಕ್ರಯ ಮಾಡಿಸುವವರು ಎಂ-ಆಧಾರ್ ಆ್ಯಪ್‌ನಲ್ಲಿ ಬಯೋಮೆಟ್ರಿಕ್ ಲಾಕ್ ಹಾಕಿಕೊಳ್ಳುವುದು ಒಳ್ಳೇದು. ತೊಡಕೂ ಇದೆ: ಲಾಕ್ ಇದ್ದರೆ ನ್ಯಾಯಬೆಲೆ ಅಂಗಡಿಯಲ್ಲೂ ಹೆಬ್ಬೆಟ್ಟು ತಗೊಳಲ್ಲ, ಮೊದಲು ತೆಗೀಬೇಕು. ಸ್ಮಾರ್ಟ್‌ಫೋನ್ ಇಲ್ಲದ ಅಜ್ಜಿ ಆಧಾರ್ ಕೇಂದ್ರಕ್ಕೆ ಹೋಗಬೇಕಾಗಿ ಬರಬಹುದು. ತಿಂಗಳ ಅಕ್ಕಿಗೆ ಪ್ರತಿ ಸಲ ಅಲೆಯೋಕಾಗುತ್ತಾ?