ಗಾಳಿಯಿಂದ ಕುಡಿಯುವ ನೀರು: ಸರ್ಕಾರ ದುಡ್ಡು ಹಾಕಬೇಕೇ?

ಗಾಳಿಯಲ್ಲಿರುವ ತೇವವನ್ನು ಸೋಲಾರ್ ಬಲದಿಂದ ಹಿಂಡಿ ಕುಡಿಯುವ ನೀರು ಮಾಡುವ ಯಂತ್ರಗಳು ಮಾರುಕಟ್ಟೆಗೆ ಬಂದಿವೆ. ಫ್ಲೋರೈಡ್ ಕಾಟವಿರುವ ಬಯಲುಸೀಮೆಯ ಹಳ್ಳಿಗಳಿಗೆ ಸರ್ಕಾರ ಇವನ್ನು ಹಾಕಿಸಿಕೊಡಬೇಕೇ? ಇಬ್ಬರು ವಾದಕ್ಕೆ ಕೂತಿದ್ದಾರೆ.

ಪರ

ಬಯಲುಸೀಮೆಯ ಪಾವಗಡ ತಾಲ್ಲೂಕಿನಲ್ಲಿ 13,000 ಎಕರೆ ನೆಲದ ಮೇಲೆ 2,050 ಮೆಗಾವಾಟ್‌ನ ಸೋಲಾರ್ ಪಾರ್ಕ್ ಇದೆ. ಮಳೆ ಕೈಕೊಟ್ಟು ಬೀಳುಬಿದ್ದ ಹೊಲಕ್ಕೆ ಎಕರೆಗೆ ವರ್ಷಕ್ಕೆ 21,000 ರೂಪಾಯಿ ಗುತ್ತಿಗೆ ಹಣ ನಿಗದಿಯಾಯಿತು. ಅಲ್ಲಿನ ಬಿಸಿಲು ಕರೆಂಟಾಗಿ ಹೊರಗೆ ಹೋಗುತ್ತದೆ. ಅದೇ ತಾಲ್ಲೂಕಿನಲ್ಲಿ ತಲೆಮಾರುಗಳಿಂದ ಕೊಳವೆಬಾವಿಯ ನೀರು ಕುಡಿದವರ ಹಲ್ಲು ಕಂದುಗಟ್ಟಿವೆ, ಮೊಣಕಾಲು ಸೊಟ್ಟಗಾಗಿವೆ. ಲೀಟರಿಗೆ ಒಂದೂವರೆ ಮಿಲಿಗ್ರಾಂಗಿಂತ ಹೆಚ್ಚು ಫ್ಲೋರೈಡ್ ಇರಕೂಡದು ಎನ್ನುವುದು ನಿಯಮ. ನೆಲದಡಿಯ ಬಂಡೆಗೆ ನಿಯಮ ಗೊತ್ತಿಲ್ಲ.

ಇದಕ್ಕೆ ನಾವು ಕಂಡುಕೊಂಡ ದಾರಿ ಆರ್‌ಒ ಘಟಕ. ಕಾಯಿನ್ ಹಾಕಿದರೆ ಕ್ಯಾನ್ ತುಂಬುತ್ತದೆ, ನಿಜ. ಆದರೆ ತುಂಬಿದ್ದಕ್ಕಿಂತ ಹೆಚ್ಚು ನೀರು ಉಪ್ಪು, ಫ್ಲೋರೈಡ್ ಹೊತ್ತು ಪಕ್ಕದ ಚರಂಡಿಗೆ ಹರಿಯುವ ಘಟಕಗಳೂ ಇವೆ. ಬತ್ತುತ್ತಿರುವ ಅಂತರ್ಜಲವನ್ನೇ ಎತ್ತಿ ಅರ್ಧ ಚೆಲ್ಲುವುದನ್ನು ಶುದ್ಧೀಕರಣ ಎನ್ನುತ್ತಿದ್ದೇವೆ.

ಗಾಳಿಯಲ್ಲಿರುವ ನೀರಿಗೆ ಬಂಡೆಯ ಸಂಪರ್ಕವೇ ಇಲ್ಲ. ಏಸಿಯ ಹಿಂದಿನ ಪೈಪಿನಿಂದ ಬಕೆಟ್ಟಿಗೆ ತೊಟ್ಟಿಕ್ಕುವುದು ಇದೇ ನೀರು. ಅದನ್ನು ಸೋಸಿ, ಖನಿಜ ಬೆರೆಸಿ ಕೊಡುವ ಯಂತ್ರಗಳನ್ನು ಹೈದರಾಬಾದಿನ ಮೈತ್ರಿ ಅಕ್ವಾಟೆಕ್ ಮಾಡಿದೆ. ಅಂಥದೊಂದು ಯಂತ್ರ ಸಿಕಂದರಾಬಾದ್ ರೈಲು ನಿಲ್ದಾಣಕ್ಕೆ 'ಮೇಘದೂತ್' ಹೆಸರಿನಲ್ಲಿ ಬಂತು. ಬೆಂಗಳೂರಿನ ಉರವು ಲ್ಯಾಬ್ಸ್‌ನದು ಬೇರೆ ವಿಧಾನ. ಮಳೆಗಾಲದಲ್ಲಿ ಭರಣಿಯ ಕಲ್ಲುಪ್ಪು ನೀರೊಡೆಯುವ ಹಾಗೆ ಕ್ಯಾಲ್ಸಿಯಂ ಕ್ಲೋರೈಡ್ ಗಾಳಿಯ ತೇವ ಹೀರಿಕೊಳ್ಳುತ್ತದೆ. ಶಾಖ ಕೊಟ್ಟರೆ ಬಿಟ್ಟುಕೊಡುತ್ತದೆ. ರಾತ್ರಿಯ ತಂಪಿನಲ್ಲಿ ಹೀರುವುದು, ಹಗಲಿನ ಬಿಸಿಲಿನಲ್ಲಿ ಹಿಂಡುವುದು. ಬಯಲುಸೀಮೆಗೆ ಹೇಳಿ ಮಾಡಿಸಿದಂತಿದೆ.

2025ರ ರಸಾಯನಶಾಸ್ತ್ರದ ನೊಬೆಲ್ ಪಡೆದ ಮೂವರಲ್ಲಿ ಒಬ್ಬರಾದ ಒಮರ್ ಯಾಘಿ ಜೋರ್ಡಾನ್‌ನ ಅಮ್ಮಾನಿನಲ್ಲಿ ನಿರಾಶ್ರಿತರ ಮನೆಯಲ್ಲಿ, ನೀರಿಗೆ ಕಾಯುತ್ತ ಬೆಳೆದವರು. ಅವರ ತಂಡ ಸೃಷ್ಟಿಸಿದ ಸೂಕ್ಷ್ಮರಂಧ್ರದ ವಸ್ತುಗಳು ಅಮೆರಿಕದ ಡೆತ್ ವ್ಯಾಲಿಯಂಥ ಸುಡುಗಾಡಿನ ಗಾಳಿಯಿಂದಲೂ, ಬರೀ ಬಿಸಿಲ ಶಾಖದಲ್ಲಿ ನೀರು ತೆಗೆದಿವೆ. ಯಂತ್ರ ದುಬಾರಿ ಎನ್ನುತ್ತೀರಿ. 1995ರಲ್ಲಿ ಸೋಲಾರ್ ಕಂಪನಿ ಸೆಲ್ಕೊ ಶುರುವಾದಾಗ ಹಳ್ಳಿಗೆ ಸೋಲಾರ್ ದೀಪವೂ ದುಬಾರಿಯೇ ಆಗಿತ್ತು. ಕೊಳ್ಳುವವರಿದ್ದರೆ ತಾನೇ ಬೆಲೆ ಇಳಿಯುವುದು? ಆ ಮೊದಲ ಗಿರಾಕಿ ಸರ್ಕಾರವಾಗಲಿ.

ವಿರೋಧ

ಯಾಘಿ ಅವರ ವಿಜ್ಞಾನದ ಬಗ್ಗೆ ನನಗೆ ತಕರಾರಿಲ್ಲ. ನನ್ನ ತಕರಾರು ಕರೆಂಟ್ ಬಿಲ್ಲಿನ ಬಗ್ಗೆ.

ಒಂದು ಲೀಟರ್ ಆವಿ ನೀರಾಗಬೇಕಾದರೆ ಸುಮಾರು 0.68 ಯೂನಿಟ್ಟಿನಷ್ಟು ಶಾಖವನ್ನು ಅದರಿಂದ ಕಿತ್ತು ಹಾಕಬೇಕು. ಇದು ಪ್ರಕೃತಿ ಕಟ್ಟಿದ ದರ, ಟೆಂಡರಿನಲ್ಲಿ ಇಳಿಯುವುದಿಲ್ಲ. ಕಂಪ್ರೆಸರ್ ಜಾಣತನದಿಂದ, ಹವೆಯೂ ಒದ್ದೆಯಾಗಿದ್ದರೆ, ಲೀಟರಿಗೆ 0.3ರಿಂದ 0.5 ಯೂನಿಟ್ ಕರೆಂಟಿನಲ್ಲಿ ಕೆಲಸ ಮುಗಿಯುತ್ತದೆ. ಐದು ಜನರ ಮನೆಗೆ ಕುಡಿಯಲು, ಅಡುಗೆಗೆ ದಿನಕ್ಕೆ 20 ಲೀಟರ್ ಎನ್ನಿ. 0.4ರ ಲೆಕ್ಕದಲ್ಲಿ ದಿನಕ್ಕೆ 8 ಯೂನಿಟ್, ತಿಂಗಳಿಗೆ 240. ಉಚಿತ ಕರೆಂಟಿನ ಗೃಹಜ್ಯೋತಿ ಯೋಜನೆಯ 200 ಯೂನಿಟ್ ಮಿತಿಯನ್ನು ಬಿಂದಿಗೆಯೊಂದೇ ದಾಟಿಬಿಡುತ್ತದೆ! ಬೋರ್‌ವೆಲ್ಲಿನ ಉಪ್ಪುನೀರನ್ನು ಆರ್‌ಒ ಮಾಡಲು ಸಾವಿರ ಲೀಟರಿಗೆ ಒಂದೆರಡು ಯೂನಿಟ್ ಸಾಕು.

ಅದೂ ಒದ್ದೆ ಹವೆಯ ಲೆಕ್ಕ. ಮಂಗಳೂರಿನಲ್ಲಿ 30 ಡಿಗ್ರಿ, ಶೇ 75 ತೇವಾಂಶವಿದ್ದರೆ ಒಂದು ಘನಮೀಟರ್ ಗಾಳಿಯಲ್ಲಿ 22-23 ಗ್ರಾಂ ನೀರಿರುತ್ತದೆ. ಏಪ್ರಿಲ್ ಮಧ್ಯಾಹ್ನ ಬಯಲುಸೀಮೆಯಲ್ಲಿ 40 ಡಿಗ್ರಿ, ಶೇ 15 ಎಂದಾದರೆ ಎಂಟು ಗ್ರಾಮೂ ಇಲ್ಲ. ಯಂತ್ರದ ಕಾಯಿಲ್ ಎಂಟು ಡಿಗ್ರಿಗಿಂತ ಕೆಳಗೆ ತಣ್ಣಗಾಗದೆ ಒಂದು ಹನಿಯೂ ಕೂರದು. ನೀರಿನ ಚಿಂತೆ ಕಡಿಮೆ ಇದ್ದಲ್ಲಿ ಇದು ಚೆನ್ನಾಗಿ ಓಡುತ್ತದೆ, ಬೇಕಾದಲ್ಲಿ ಏದುಸಿರು ಬಿಡುತ್ತದೆ.

ರಾತ್ರಿ ಹೀರಿ ಹಗಲು ಹಿಂಡುವ ಪೆಟ್ಟಿಗೆ? ಒಂದು ಚದರ ಮೀಟರ್ ಜಾಗಕ್ಕೆ ದಿನಕ್ಕೆ ಐದಾರು ಯೂನಿಟ್ಟಿನಷ್ಟು ಬಿಸಿಲು ಬೀಳುತ್ತದೆ. ಶಾಖವನ್ನು ಮರುಬಳಕೆ ಮಾಡದ ಸರಳ ಪೆಟ್ಟಿಗೆಯಲ್ಲಿ, ಏನೂ ಪೋಲಾಗದಿದ್ದರೂ ಒಂಬತ್ತು ಲೀಟರ್ ಮೀರದು. ಪೋಲಾಗದೆ ಇರುವುದಿಲ್ಲ.

ಇನ್ನು ಮಳೆ. ಪಾವಗಡದಂಥ ಕಡೆಯೂ ವರ್ಷಕ್ಕೆ 550 ಮಿಲಿಮೀಟರ್ ಆಸುಪಾಸು ಬೀಳುತ್ತದೆ. 50 ಚದರ ಮೀಟರ್ ಮಾಳಿಗೆ, ಐದನೇ ಒಂದು ಭಾಗ ಹಾಳಾಯಿತು ಅಂದುಕೊಂಡರೂ 22,000 ಲೀಟರ್. ಆ ಮನೆಗೆ ವರ್ಷಕ್ಕೆ ಬೇಕಾದದ್ದು 7,300. ಬೇಸಿಗೆ ದಾಟಿಸಲು 5,000 ಲೀಟರಿನ ತೊಟ್ಟಿ ಇದ್ದರಾಯಿತು. ಈ ನೀರಿಗೂ ಬಂಡೆಯ ಸಂಪರ್ಕವಿಲ್ಲ, ಸ್ವಾಮಿ.

ಜಾಣ ಸಾಧನವೇ ಬೇಕೆಂದರೆ ಅದೂ ಇದೆ. ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯಲ್ಲಿ (ಕೆಎಸ್‌ಸಿಎಸ್‌ಟಿ) ಎ.ಆರ್. ಶಿವಕುಮಾರ್ ರೂಪಿಸಿದ ಪಾಪ್-ಅಪ್ ಫಿಲ್ಟರ್ ನೋಡಿ. ಮಾಳಿಗೆಯ ಪೈಪಿಗೆ ಕೂರಿಸಿದ ಸೋಸುಕ ಕಸದಿಂದ ಕಟ್ಟಿಕೊಂಡರೆ ನೀರಿನ ಒತ್ತಡಕ್ಕೆ ತಾನೇ ಮೇಲೆ ಚಿಮ್ಮಿ ನಿಲ್ಲುತ್ತದೆ. ತೊಳೆಯಬೇಕು ಎಂದು ಮನೆಯವರಿಗೆ ಗೊತ್ತಾಗುತ್ತದೆ. ಕಂಪ್ರೆಸರ್ ಕೆಟ್ಟರೆ ಯಾರನ್ನು ಕರೆಯುತ್ತೀರಿ? ಆರ್‌ಒ ಘಟಕದ ಮೆಂಬ್ರೇನ್ ಬದಲಿಸಲು ದಿಕ್ಕಿಲ್ಲದೆ ಬೀಗ ಬಿದ್ದ ಊರುಗಳಿವೆ.

ಪರ, ಮತ್ತೊಮ್ಮೆ

ಮಾಳಿಗೆ ಇದ್ದವರಿಗೆ ಮಳೆ. ಮಣ್ಣಿನ ಸೂರು, ತೂತುಬಿದ್ದ ಶೀಟು ಇದ್ದವರಿಗೆ? ಎರಡು ವರ್ಷ ಒಂದರ ಹಿಂದೊಂದು ಬರ ಬಿದ್ದರೆ? ಮನೆಮನೆಗೆ ಯಂತ್ರ ಬೇಡ ಎಂಬುದನ್ನು ಒಪ್ಪುತ್ತೇನೆ. ಶಾಲೆ, ಅಂಗನವಾಡಿ, ಆಸ್ಪತ್ರೆಗಳಿಗಾದರೂ ಬೇಕು. ಹಗಲು ಹೊತ್ತು ಮಿಗುವ ಸೋಲಾರ್ ಕರೆಂಟನ್ನು ಅಲ್ಲಿ ಬಳಸೋಣ. ಕೆಲವು ಶಾಲೆಗಳಲ್ಲಿ ಮೂರು ಬೇಸಿಗೆ ನಡೆಸಿ ನೋಡಲಿ. ದಿನದಿನದ ಯೂನಿಟ್ಟು, ಲೀಟರು ಎರಡನ್ನೂ ಗೋಡೆಯ ಮೇಲೆ ಬರೆಯಲಿ.

ವಿರೋಧ, ಮತ್ತೊಮ್ಮೆ

ಬರೆಯಲಿ. ಹೇಗೂ ಶಾಲೆಗೆ ಆರ್‌ಸಿಸಿ ಮಾಳಿಗೆ ಇರುತ್ತದೆ; ಅದಕ್ಕೊಂದು ಪೈಪು, ತೊಟ್ಟಿಯನ್ನೂ ಅದೇ ಟೆಂಡರಿನಲ್ಲಿ ಸೇರಿಸಲಿ. ಮಳೆನೀರಿನ ಲೆಕ್ಕ ಅದೇ ಗೋಡೆಯ ಮೇಲೆ, ಪಕ್ಕದ ಸಾಲಿನಲ್ಲೇ ಇರಬೇಕು. ರಿಪೇರಿಗೆ ಯಾರು, ಎಷ್ಟು ದಿನಕ್ಕೆ ಬಂದರು ಎಂಬ ಮೂರನೆಯ ಸಾಲು ಇಲ್ಲದಿದ್ದರೆ ಮಾತ್ರ ನಾನು ಒಪ್ಪುವುದಿಲ್ಲ.