ಹಳ್ಳಿ ಸಾಲಿ ಬಿಡಸೋ ಮುಂದ

ಓಣ್ಯಾಗ ಕುಂತ್ರ ಒಂದ ಮಾತು: "ಹುಡುಗಿ ಡಾಕ್ಟರ್ ಆಗಬೇಕಂದ್ರ ಎಂಟನೇತ್ತಾಕ್ಕನ ಧಾರವಾಡದಾಗ ಹಚ್ರೆವಾ, ಈಗಿಂದನ ಕೋಚಿಂಗ್ ಬೇಕು." ನಾನೂ ಹಿರೇ ಮಗಳನ್ನ ಹಂಗ ಹಚ್ಚಿದ್ದೆ. ಸೀಟಿನ ಅರ್ಜಿ ತುಂಬೂ ಮುಂದ ಗೊತ್ತಾತು, ಗ್ರಾಮೀಣ ಕೋಟಾ ಕೈ ಬಿಟ್ಟಿತ್ತು.

ಒಂದರಿಂದ ಹತ್ತರತನಕ ಹತ್ತೂ ವರ್ಷ ಹಳ್ಳ್ಯಾಗ ಓದಿದವರಿಗೆ ರಾಜ್ಯದ ಸರಕಾರಿ ಕೋಟಾದಾಗ ನೂರಕ್ಕ 15 ಸೀಟು ಮೀಸಲು. ಹತ್ತೂ ವರ್ಷ ಕನ್ನಡ ಮಾಧ್ಯಮ ಇದ್ದವರಿಗೆ ಬ್ಯಾರೆ 5. ಏಳು ವರ್ಷ ಅಮ್ಮಿನಬಾವ್ಯಾಗ, ಮೂರು ವರ್ಷ ಧಾರವಾಡದಾಗ ಕಲತ್ರ ಗ್ರಾಮೀಣದ ಲೆಕ್ಕ ಸೊನ್ನಿ.

ಅಮೆರಿಕಾದಾಗ ಹುಡುಗ್ರು ಹೈಸ್ಕೂಲಿನ್ಯಾಗ ಇದ್ದಾಗನ ಕಾಲೇಜಿನ ಕ್ರೆಡಿಟ್ ಜಮಾ ಮಾಡ್ಕೋತಾರ. ನಮ್ಮಲ್ಲಿ ಹೈಸ್ಕೂಲಿನ್ಯಾಗ ಜಮಾ ಆಗೂದು ಹಳ್ಳ್ಯಾಗ ಓದಿದ ಈ ವರ್ಷನ. ನೀಟ್ ಪಾಠ ಇರೂದು ಪಿಯುಸಿ ಎರಡು ವರ್ಷದಾಗ, ಪ್ರಶ್ನೆಪತ್ರಿಕೆ ಕನ್ನಡದಾಗೂ ಸಿಗತೈತಿ.

ಊರ ಸಾಲ್ಯಾಗ ವಿಜ್ಞಾನ, ಗಣಿತ ಕಚ್ಚಾ ಅನಸಿದ್ರ ಸಂಜಿಮುಂದ ಟ್ಯೂಶನ್ ಹಚ್ರಿ, ಸಾಲಿ ಬಿಡಸಬ್ಯಾಡ್ರಿ. ಹತ್ತು ಮುಗಿದ ಮ್ಯಾಲೆ ಧಾರವಾಡ ಎಲ್ಲೂ ಓಡಿ ಹೋಗೂದಿಲ್ಲ.

ಸಣ್ಣಾಕಿನ್ನ ಊರಾಗ ಇಟ್ಟೇನಿ. ಹಿರೇಕಿ ಬಿಎಸ್ಸಿ ಓದಾಕತ್ತಾಳ. "ನಂದರಾಗ ಯಾರೂ ಹೇಳಲಿಲ್ಲೇನವಾ?" ಅಂತ ಕೇಳಿದ್ಲು. ನಿಮ್ಮ ಮಕ್ಕಳು ಹಂಗ ಕೇಳಬಾರದು ಅಂತ ಬರದೇನ್ರಿ.