ತಂಗಳನ್ನಕ್ಕೆ 420 ರೂಪಾಯಿ

ಕಳೆದ ಮಂಗಳವಾರ ರಾತ್ರಿ ಒಂಬತ್ತೂವರೆಗೆ ನನ್ನ ರೂಮ್‌ಮೇಟ್ ಸೋಫಾ ಮೇಲೆ ಬಿದ್ಕೊಂಡೇ ಊಟ ಆರ್ಡರ್ ಮಾಡಿದ. 'ಜಪಾನೀಸ್ ಸ್ಟೈಲ್ ಎಗ್ ಫ್ರೈಡ್ ರೈಸ್'. ಪ್ಯಾಕಿಂಗ್, ಡೆಲಿವರಿ, ಟ್ಯಾಕ್ಸ್ ಎಲ್ಲ ಸೇರಿ 420 ರೂಪಾಯಿ. ಬರೋಕೆ ಐವತ್ತು ನಿಮಿಷ. ಅದೇ ಹೊತ್ತಲ್ಲಿ ನಮ್ಮ ಫ್ರಿಜ್ಜಿನಲ್ಲಿ ಹಿಂದಿನ ದಿನದ ಅನ್ನ ಒಂದು ಡಬ್ಬಿ ಇತ್ತು. ಬಾಗಿಲಲ್ಲಿ ಆರು ಮೊಟ್ಟೆ ಇದ್ವು. ಸೋಯಾ ಸಾಸ್ ಬಾಟಲಿ ಯಾವ ಕಾಲದಿಂದಲೋ ಅಲ್ಲೇ ನಿಂತಿತ್ತು.

"ಮಗಾ, ಅನ್ನ ಇದ್ಯಲ್ಲೋ" ಅಂದೆ.

"ಅದು ನಿನ್ನೇದು ಕಣೋ. ತಂಗಳನ್ನ ಯಾರು ತಿಂತಾರೆ?"

ಐವತ್ತು ನಿಮಿಷ ಆದ್ಮೇಲೆ ಅವನು ತಿಂದಿದ್ದೂ ಬಹುಶಃ ಯಾರೋ ಮೊದಲೇ ಬೇಯಿಸಿ ಆರಿಸಿಟ್ಟಿದ್ದ ಅನ್ನವೇ. ಅಲ್ಲಿ ಅದನ್ನ ಯಾರೂ ತಂಗಳು ಅಂತ ಕರೆದಿರಲಿಲ್ಲ, ಅಷ್ಟೇ.

ನನ್ನ ತಕರಾರು ಇಷ್ಟು. ಮನೆಯಲ್ಲಿ ತಂಗಳು ಅಂದ್ರೆ ಮೂಗು ಮುರಿಯೋ ನಾವು, ಅದಕ್ಕೊಂದು ಪರದೇಶದ ಹೆಸರು, ಒಂದು ಕಪ್ಪು ಡಬ್ಬಿ ಸಿಕ್ಕಿದ ಕೂಡಲೇ ದುಡ್ಡು ಕೊಟ್ಟು ತಿಂತೀವಿ. ಹೋಗ್ಲಿ, ಆ ಹೆಸರಾದ್ರೂ ಏನು ಅಂತ ತಿಳ್ಕೊಂಡಿದೀವಾ? ಅದೂ ಇಲ್ಲ.

ಜಪಾನಿನಲ್ಲಿ ಇದಕ್ಕೆ ಚಾಹನ್ ಅಂತಾರೆ. ಯಾಕಿಮೇಶಿ ಅನ್ನೋ ಹೆಸರೂ ಉಂಟು. ಚೀನಾದ ಚಾವೊಫಾನ್ ಅಲ್ಲಿಗೆ ಹೋಗಿ ಚಾಹನ್ ಆಯ್ತು. ಎರಡೂ ಒಂದೇನಾ, ಇಲ್ಲಾ ಮೊಟ್ಟೆ ಮೊದಲು ಹಾಕಿದ್ರೆ ಒಂದು, ಅನ್ನ ಮೊದಲು ಹಾಕಿದ್ರೆ ಇನ್ನೊಂದಾ ಅಂತ ಅಲ್ಲಿಯವರೇ ವಾದ ಮಾಡ್ತಾರೆ, ನಾವು ನಡುವೆ ತಲೆ ಹಾಕೋದು ಬೇಡ. ಬೀದಿಬೀದಿಯ ಸಣ್ಣ ಚೈನೀಸ್ ಹೋಟೆಲುಗಳಲ್ಲಿ ರಾಮೆನ್ ಜೊತೆ ಅರ್ಧ ಪ್ಲೇಟ್ ಚಾಹನ್ ಕೊಡ್ತಾರೆ. ಬಟ್ಟಲಲ್ಲಿ ಒತ್ತಿ ಮಗುಚಿದ ಗುಡ್ಡದ ಆಕಾರ. ಒಳಗಿರೋದು ಮೊಟ್ಟೆ, ಹಸಿರು ಈರುಳ್ಳಿ, ಚಾಶು ಅನ್ನೋ ಹಂದಿಮಾಂಸದ ತುಣುಕು ಅಥವಾ ಹ್ಯಾಮ್, ಉಪ್ಪು, ಮೆಣಸಿನ ಪುಡಿ, ಸ್ವಲ್ಪ ಸೋಯಾ ಸಾಸ್. ಮುಗೀತು. ರೀಲ್ಸ್‌ನಲ್ಲಿ ಕಾದ ಕಬ್ಬಿಣದ ಹಲಗೆ ಮೇಲೆ ಮೊಟ್ಟೆ ಹಾರಿಸಿ, ಬೆಣ್ಣೆ ಬೆಳ್ಳುಳ್ಳಿ ಸುರಿಯೋ ಸರ್ಕಸ್ ನೋಡಿದೀರಲ್ಲ? ಅದು ಬೆಳೆದಿದ್ದು ಹೆಚ್ಚಾಗಿ ಅಮೆರಿಕದಲ್ಲಿ, 1964ರಲ್ಲಿ ನ್ಯೂಯಾರ್ಕಿನಲ್ಲಿ ಶುರುವಾದ ಬೆನಿಹಾನಾ ಥರದ ಹೋಟೆಲುಗಳಿಂದ. ಚಾಹನ್‌ಗೆ ಪ್ರೇಕ್ಷಕರು ಬೇಕಿಲ್ಲ.

ಆಫೀಸಿನ ಕೆಲಸಕ್ಕೆ ಆರು ತಿಂಗಳು ಟೋಕಿಯೋದಲ್ಲಿದ್ದಾಗ ಒಬ್ಬ ಹಿರಿಯ ಸಹೋದ್ಯೋಗಿ ಮನೆಗೆ ಕರೆದಿದ್ದರು. ಫ್ರೀಜರ್ ತೆಗೆದರೆ, ಒಳಗೆ ಒಬ್ಬೊಬ್ಬರಿಗೆ ಆಗುವಷ್ಟು ಅನ್ನವನ್ನ ತೆಳು ಪ್ಲಾಸ್ಟಿಕ್‌ನಲ್ಲಿ ಸುತ್ತಿ ಸಾಲಾಗಿ ಇಟ್ಟಿದ್ದರು. ಅಲ್ಲಿ ಎಷ್ಟೋ ಮನೆಗಳಲ್ಲಿ ಇದೇ ರೂಢಿ. ಎರಡು ಪೊಟ್ಟಣ ತೆಗೆದು, ಮೈಕ್ರೋವೇವ್‌ನಲ್ಲಿ ಸಡಿಲ ಮಾಡಿ, ಬಾಣಲೆಗೆ ಹಾಕಿ, ಹದಿನೈದು ನಿಮಿಷದೊಳಗೆ ನನ್ನ ಮುಂದೆ ತಟ್ಟೆ ಇಟ್ಟರು. ಮನೆಗೆ ಬಂದ ಅತಿಥಿಗೆ! ಅವರು ನಮ್ಮ ಮನೆಗೆ ಬಂದಿದ್ದರೆ, ನಿನ್ನೆಯ ಅನ್ನ ಬಡಿಸೋದಿರಲಿ, ಅದು ಮನೆಯಲ್ಲಿದೆ ಅನ್ನೋದೇ ಗೊತ್ತಾಗೋಕೆ ಬಿಡ್ತಿರಲಿಲ್ಲ.

ತಣ್ಣಗಿನ ಅನ್ನವೇ ಯಾಕೆ? ಬಿಸಿ ಅನ್ನದಲ್ಲಿ ಪಿಷ್ಟ ನೀರು ಕುಡಿದು ಮೆತ್ತಗೆ ಅಂಟಂಟಾಗಿರುತ್ತೆ. ಆರಿದ ಹಾಗೆ ಅದೇ ಪಿಷ್ಟ ಒಳಗೊಳಗೇ ಬಿಗಿದುಕೊಂಡು ಅಗುಳು ಗಟ್ಟಿಯಾಗುತ್ತೆ, ಮೇಲಿನ ಪಸೆ ಆರುತ್ತೆ. ಆಗ ಅಗುಳು ಅಗುಳಾಗಿ ಬಿಡಿಸಿಕೊಳ್ಳುತ್ತೆ. ಇದಕ್ಕೆ ಜಪಾನಿಯರು ಪರಾಪರಾ ಅಂತಾರೆ, ನಮ್ಮಲ್ಲಿ ಉದುರುದುರು ಅಂತೀವಿ. ಬಿಸಿ ಅನ್ನದಲ್ಲೇ ಮಾಡೋ ಬಾಣಸಿಗರೂ ಇದ್ದಾರೆ, ಆದರೆ ಅವರ ಒಲೆಯ ಉರಿ ನಮ್ಮ ಮನೆಯ ಗ್ಯಾಸ್‌ನಲ್ಲಿಲ್ಲ. ಇನ್ನೊಂದು ಮಾತು. ಜಪಾನಿನ ಗಿಡ್ಡ ಅಕ್ಕಿ ಹುಟ್ಟಾ ಅಂಟು ಸ್ವಭಾವದ್ದು, ಅವರು ಇಷ್ಟೆಲ್ಲ ಪಾಡು ಪಡಬೇಕು. ನಮ್ಮ ಸೋನಾ ಮಸೂರಿಗೆ ಆ ಕಷ್ಟ ಅಷ್ಟಿಲ್ಲ. ಅಂದ್ರೆ ಅರ್ಧ ಕೆಲಸ ಅಕ್ಕಿನೇ ಮಾಡಿ ಮುಗಿಸಿರುತ್ತೆ.

ಉಳಿದರ್ಧ ಹೀಗೆ. ಒಬ್ಬರಿಗೆ ದೊಡ್ಡ ಬಟ್ಟಲು ಅನ್ನ, ಕೈಯಲ್ಲಿ ಗಂಟು ಬಿಡಿಸಿಟ್ಟುಕೊಳ್ಳಿ. ಬಾಣಲೆ ಚೆನ್ನಾಗಿ ಕಾಯಲಿ, ಒಂದು ದೊಡ್ಡ ಚಮಚ ಎಣ್ಣೆ ಹಾಕಿ. ಕಲಕಿದ ಎರಡು ಮೊಟ್ಟೆ ಸುರಿಯಿರಿ. ಅದು ಪೂರ್ತಿ ಗಟ್ಟಿಯಾಗೋ ಮುಂಚೆ, ಅಂದ್ರೆ ಹತ್ತು ಎಣಿಸೋದ್ರೊಳಗೆ, ಅನ್ನ ಹಾಕಿ ಸೌಟಿನ ಬೆನ್ನಲ್ಲಿ ಒತ್ತಿ ಒತ್ತಿ ಬಿಡಿಸಿ, ತಿರುವಿ. ಉಪ್ಪು, ಮೆಣಸಿನ ಪುಡಿ, ಹೆಚ್ಚಿದ ಹಸಿರು ಈರುಳ್ಳಿ. ಕೊನೆಗೆ ಒಂದು ಸಣ್ಣ ಚಮಚ ಸೋಯಾ ಸಾಸ್. ಅದನ್ನ ಅನ್ನದ ಮೇಲೆ ಸುರಿಯಬೇಡಿ, ಬಾಣಲೆಯ ಬದಿಗೆ ಹಾಕಿ. ಕಾದ ಲೋಹಕ್ಕೆ ತಾಗಿ ಚುರ್ ಅಂದಾಗ ಬರುತ್ತಲ್ಲ ವಾಸನೆ, ಚಾಹನ್ ಅಂದ್ರೆ ಅದೇ. ಒಲೆ ಹಚ್ಚಿದ್ದರಿಂದ ಆರಿಸೋವರೆಗೆ ಐದಾರು ನಿಮಿಷ. ಒಂದು ಸಲಕ್ಕೆ ಒಬ್ಬರಿಗೆ, ಹೆಚ್ಚಂದ್ರೆ ಇಬ್ಬರಿಗೆ ಮಾಡಿ. ನಾಲ್ಕು ಜನಕ್ಕೆ ಒಟ್ಟಿಗೆ ತುಂಬಿದ್ರೆ ಹುರಿಯೋ ಬದಲು ಹಬೆಯಲ್ಲಿ ಬೇಯುತ್ತೆ. ಮೊಟ್ಟೆ ತಿನ್ನದವರು ಅಣಬೆ, ಎಲೆಕೋಸು ಹಾಕ್ಕೊಳ್ಳಿ.

ಒಂದು ವಿಷಯದಲ್ಲಿ ಮಾತ್ರ ರಾಜಿ ಇಲ್ಲ. ತಂಗಳಿನ ಪರ ಮಾತಾಡಿದ ಮಾತ್ರಕ್ಕೆ ಹಳಸಿದ್ದರ ಪರ ಮಾತಾಡಿದ ಹಾಗಲ್ಲ. ರಾತ್ರಿಯಿಡೀ ಕುಕ್ಕರಿನಲ್ಲೇ ಬಿಟ್ಟ ಅನ್ನದಲ್ಲಿ ಬ್ಯಾಸಿಲಸ್ ಸೀರಿಯಸ್ ಅನ್ನೋ ಬ್ಯಾಕ್ಟೀರಿಯಾ ಬೆಳೆಯುತ್ತೆ, ಅದು ಬಿಡೋ ವಿಷ ಮತ್ತೆ ಹುರಿದ್ರೂ ಹೋಗಲ್ಲ. ಊಟ ಮುಗಿದ ಗಂಟೆಯೊಳಗೆ ಅನ್ನ ತಟ್ಟೆಯಲ್ಲಿ ಹರವಿ ಆರಿಸಿ, ಡಬ್ಬಿಗೆ ಹಾಕಿ ಫ್ರಿಜ್ಜಿಗಿಡಿ. ಮಾರನೇ ದಿನ ಮುಗಿಸಿ. ಇಷ್ಟು ಶಿಸ್ತಿಲ್ಲದವರು ಆರ್ಡರ್ ಮಾಡೋದೇ ಕ್ಷೇಮ.

"ಟೈಮ್ ಇಲ್ಲ" ಅಂತೀರಾ? ಐವತ್ತು ನಿಮಿಷ ಮ್ಯಾಪಿನಲ್ಲಿ ಸ್ಕೂಟರ್ ಎಲ್ಲಿ ಬಂತು ಅಂತ ನೋಡೋಕೆ ಇದ್ದ ಟೈಮು ಎಲ್ಲಿಂದ ಬಂತು? "ಸುಸ್ತು" ಅಂತೀರಾ? ಅದನ್ನ ಒಪ್ತೀನಿ. ಹನ್ನೊಂದು ಗಂಟೆಗೆ ಕಾಲ್ ಮುಗಿಸಿ ಬಂದವರಿಗೆ ಬಾಣಲೆ ಹಿಡಿ ಅನ್ನೋ ಕ್ರೌರ್ಯ ನನಗಿಲ್ಲ. ನಾನೂ ಆರ್ಡರ್ ಮಾಡ್ತೀನಿ. ಆದರೆ ನನ್ನ ರೂಮ್‌ಮೇಟ್ ಸುಸ್ತು ಅನ್ನಲಿಲ್ಲ, ಟೈಮ್ ಇಲ್ಲ ಅಂತಾನೂ ಅನ್ನಲಿಲ್ಲ. ತಂಗಳು ಯಾರು ತಿಂತಾರೆ ಅಂದ. ಆ ಪ್ರಶ್ನೆ ತಲೆಯಲ್ಲಿ ಕೊರೀತಾ ಇದೆ, ಯಾಕಂದ್ರೆ ಉತ್ತರ ನನಗೂ ಗೊತ್ತು, ಅವನಿಗೂ ಗೊತ್ತು.

ನಮ್ಮ ಮನೆಯಲ್ಲಿ ತಂಗಳು ತಿಂತಿದ್ದಿದ್ದು ಅಮ್ಮ. ಅಪ್ಪನಿಗೆ, ನನಗೆ, ತಮ್ಮನಿಗೆ ಬಿಸಿ ಅನ್ನ. ಎಲ್ಲರದ್ದೂ ಆದ್ಮೇಲೆ ಕೊನೆಗೆ ಕೂತು, ನಿನ್ನೆ ಮಿಕ್ಕಿದ್ದಕ್ಕೆ ಮಜ್ಜಿಗೆ ಕಲಸಿ ತಿಂದು ಏಳ್ತಿದ್ದಳು. ಅದಕ್ಕೂ ಮೀರಿ ಉಳಿದಿದ್ದು ಮನೆಕೆಲಸದವರ ಪಾತ್ರೆಗೆ ಹೋಗ್ತಿತ್ತು, ಅದನ್ನ ದಾನ ಅಂತ ಬೇರೆ ಅಂದ್ಕೊಳ್ತಿದ್ವಿ. ಮೂಗು ಮುರಿಯೋದು ಕಲಿತಿದ್ದು ಅಲ್ಲೇ. ಅನ್ನ ಕೆಟ್ಟಿದೆ ಅಂತ ಯಾರೂ ಬೇಡ ಅಂದಿರಲಿಲ್ಲ. ಅದು ಇನ್ನೊಬ್ಬರ ಪಾಲಿನದು ಅಂತ ನಮಗೆ ಹೇಳಿಕೊಡಲಾಗಿತ್ತು. ಬೆಳಗ್ಗೆ ಅದೇ ಅನ್ನ ಚಿತ್ರಾನ್ನ ಆದಾಗ ಮಾತ್ರ ಎರಡು ಸಲ ಬಡಿಸಿಕೊಳ್ತಿದ್ವಿ. ಆಗಲೂ ಹೆಸರು ಬದಲಾಗಬೇಕಿತ್ತು ನೋಡಿ.

ಹೋದ ತಿಂಗಳು ಅಮ್ಮ ಬಂದಿದ್ದಳು. ರಾತ್ರಿ ಚಾಹನ್ ಮಾಡಿದೆ. ಫ್ರಿಜ್ಜಿನಿಂದ ಡಬ್ಬಿ ತೆಗೆದಿದ್ದನ್ನ ನೋಡಿದವಳೇ, "ಅಯ್ಯೋ, ಅದನ್ನ ನೀನ್ಯಾಕೆ ತಿಂತೀಯೋ, ನಂಗಿಡು. ನಿಂಗೆ ಒಂದು ಪಾವು ಬಿಸಿ ಅನ್ನ ಇಡ್ತೀನಿ" ಅಂತ ಕುಕ್ಕರಿಗೆ ಕೈ ಹಾಕಿದಳು. ಅರವತ್ತೆರಡು ವರ್ಷ ಅವಳಿಗೆ. "ಕೂತ್ಕೋ ಅಮ್ಮ" ಅಂದು ಎರಡು ತಟ್ಟೆಗೂ ಅದನ್ನೇ ಹಾಕಿದೆ. ತಿಂದಳು. ಉಪ್ಪು ಒಂಚೂರು ಕಮ್ಮಿ ಅಂದಳು. ಕಮ್ಮಿನೇ ಆಗಿತ್ತು.

ರೂಮ್‌ಮೇಟ್‌ಗೆ ಈ ಕಥೆ ಹೇಳಿಲ್ಲ. ಇವತ್ತು ರಾತ್ರಿಗೆ ಅಂತ ನಿನ್ನೆಯ ಅನ್ನ ಎರಡು ಡಬ್ಬಿ ಎತ್ತಿಟ್ಟಿದೀನಿ. ಒಂದರ ಮೇಲೆ ಅವನ ಹೆಸರು ಬರೆದಿದೀನಿ. ಬಾಣಲೆ ಅವನೇ ಹಿಡೀಲಿ.